ಕರೆಯ ಬದಿಯಲ್ಲಿ ನಿಲ್ಲುವ ಮುನ್ನ

ಅಳಿಯಾ,

ಭಾವ ನಿನಗೆ ಹೊಸ ಕ್ಯಾಮೆರಾ ಕೊಡಿಸಿದ ಸುದ್ದಿಯನ್ನು ಅಕ್ಕ ಫೋನಿನಲ್ಲಿ ಹೇಳಿದಳು. ಪೆಟ್ಟಿಗೆಯ ಮೇಲೆ ‘ಸೆಕೆಂಡಿಗೆ 120 ಫ್ರೇಮ್’ ಎಂದು ದಪ್ಪಕ್ಷರದಲ್ಲಿ ಇದೆಯಂತೆ, ಈ ಸಲದ ಕಂಬಳದಲ್ಲಿ ಸ್ಲೋ ಮೋಷನ್ ತೆಗೆದೇ ಸಿದ್ಧ ಎಂದು ನೀನು ಹೊರಟಿದ್ದೀಯಂತೆ. ಒಳ್ಳೆಯದೇ. ಮದುವೆ, ಯಕ್ಷಗಾನ, ಕಂಬಳ ಎಂದು ಕ್ಯಾಮೆರಾ ಹೊತ್ತು ತಿರುಗಿಯೇ ತಲೆ ಹಣ್ಣಾದ ಮಾವ ನಾನು; ನಾಲ್ಕು ಮಾತು ಹೇಳದೆ ಬಿಡುವವನಲ್ಲ. ಪೆಟ್ಟಿಗೆಯ ಮೇಲೆ ಬರೆಯದೆ ಇರುವುದನ್ನು ಮಾತ್ರ ಹೇಳುತ್ತೇನೆ.

ಸ್ಲೋ ಮೋಷನ್ ಎಂದರೆ ಮನೆಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಮಾಡುವ ಕೆಲಸ ಎಂದು ನಿನ್ನ ಓರಗೆಯವರು ತಿಳಿದಿದ್ದಾರೆ. ಅದರ ಮುಕ್ಕಾಲು ಪಾಲು ರೆಕಾರ್ಡ್ ಗುಂಡಿ ಒತ್ತುವ ಮೊದಲೇ ಮುಗಿದಿರಬೇಕು. ಬೆಳಕು ಯಾವ ಕಡೆಯಿಂದ ಬರುತ್ತಿದೆ, ನಾನೆಲ್ಲಿ ನಿಲ್ಲಬೇಕು, ಇಡೀ ಓಟದಲ್ಲಿ ಯಾವ ಒಂದು ಸೆಕೆಂಡು ನನಗೆ ಬೇಕು, ಈ ಮೂರನ್ನು ತೀರ್ಮಾನಿಸದೆ ತೆಗೆದದ್ದನ್ನು ನಿಧಾನಗೊಳಿಸಿದರೆ ತಪ್ಪೂ ನಿಧಾನವಾಗಿ, ಎಲ್ಲರಿಗೂ ಕಾಣುವ ಹಾಗೆ ಓಡುತ್ತದೆ.

ಮೊದಲು ಸ್ವಲ್ಪ ಲೆಕ್ಕ. ಸೆಕೆಂಡಿಗೆ 100 ಚಿತ್ರ ಹಿಡಿದು 25ರಂತೆ ತೋರಿಸಿದರೆ ಒಂದು ಸೆಕೆಂಡು ನಾಲ್ಕಾಗುತ್ತದೆ. 240 ಹಿಡಿದರೆ ಒಂಬತ್ತೂವರೆ ದಾಟುತ್ತದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳನ್ನು ಓಡಿಸುತ್ತ 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಮುಗಿಸಿದ್ದು ನಿನಗೆ ಗೊತ್ತು. ದೇಶವಿಡೀ ಅವರನ್ನು ಉಸೇನ್ ಬೋಲ್ಟ್ ಪಕ್ಕದಲ್ಲಿ ನಿಲ್ಲಿಸಿ ಮಾತಾಡಿತು. ಅಂಥ ಓಟವನ್ನು 240ರಲ್ಲಿ ಹಿಡಿದು ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಯ ತನಕ ಪೂರ್ತಿ ತೋರಿಸಿದರೆ ಎರಡು ನಿಮಿಷ ಹತ್ತು ಸೆಕೆಂಡು ಬೇಕು. ಯಾರು ನೋಡುತ್ತಾರೆ ಮಾರಾಯಾ? ಗಂತಿನಲ್ಲಿ ಕೋಣಗಳನ್ನು ಬಿಟ್ಟ ಕ್ಷಣದ ಮೊದಲ ಜಿಗಿತ, ನಡುಗರೆಯಲ್ಲಿ ಓಡಿಸುವವನ ಪಾದ ನೀರನ್ನು ಬಿಟ್ಟು ಮೇಲೇಳುವ ರೀತಿ, ಮಂಜೊಟ್ಟಿ ಹತ್ತುವಾಗ ಹಗ್ಗ ಬಿಗಿಯಾಗುವುದು, ಇದರಲ್ಲಿ ಒಂದನ್ನು ಆರಿಸಿಕೋ. ಮೂರನ್ನೂ ಒಂದೇ ಓಟದಲ್ಲಿ ಹಿಡಿಯಲು ಹೋದವನಿಗೆ ಮೂರೂ ಸಿಕ್ಕುವುದಿಲ್ಲ. ಕಂಬಳ ಒಂದು ಹಗಲು ಒಂದು ರಾತ್ರಿ ನಡೆಯುವಂಥದ್ದು, ಜೋಡಿಗಳಿಗೇನೂ ಬರವಿಲ್ಲ. ಹತ್ತು ಜೋಡಿಯನ್ನು ಒಂದೇ ಜಾಗದಲ್ಲಿ ನಿಂತು ತೆಗೆ.

ಮೆನುವಿನಲ್ಲಿ ಎನ್‌ಟಿಎಸ್‌ಸಿ, ಪಾಲ್ ಎಂಬ ಎರಡು ಆಯ್ಕೆ ಇದ್ದರೆ ಪಾಲ್‌ಗೆ ಹಾಕು. ಆಗ 120ರ ಬದಲು 100, 30ರ ಬದಲು 25 ಸಿಗುತ್ತದೆ. ಕಾರ್ಡನ್ನು ಮತ್ತೆ ಫಾರ್ಮ್ಯಾಟ್ ಮಾಡಬೇಕೆಂದು ಕೆಲವು ಕ್ಯಾಮೆರಾಗಳು ಹಟ ಹಿಡಿಯುತ್ತವೆ, ಆದ್ದರಿಂದ ಇದನ್ನು ಮನೆಯಲ್ಲೇ ಮುಗಿಸು. ಇಪ್ಪತ್ತು ಫ್ರೇಮು ಕಳೆದುಕೊಂಡೆ ಅಂತ ಬೇಸರ ಮಾಡಬೇಡ. ರಾತ್ರಿ ದೀಪದ ಕೆಳಗೆ ಅದರ ಲಾಭ ಗೊತ್ತಾಗುತ್ತದೆ, ಆ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಶಟರ್. ಹೆಚ್ಚಿನವರು ಎಡವುವುದು ಇಲ್ಲಿ. ಫ್ರೇಮ್ ಎಷ್ಟು ಎನ್ನುವುದು ಬೇರೆ, ಪ್ರತಿ ಫ್ರೇಮಿಗೆ ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಎನ್ನುವುದು ಬೇರೆ. ಒಳ್ಳೆಯ ಜೋಡಿ ಸೆಕೆಂಡಿಗೆ ಹತ್ತು ಮೀಟರಿಗಿಂತ ಹೆಚ್ಚು ಓಡುತ್ತದೆ. ಶಟರ್ 1/50ರಲ್ಲಿದ್ದರೆ ಅದು ತೆರೆದಿರುವಷ್ಟರಲ್ಲೇ ಕೋಣ ಇಪ್ಪತ್ತು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 1/500ಕ್ಕೆ ಎರಡು ಸೆಂಟಿಮೀಟರ್, 1/1000ಕ್ಕೆ ಒಂದು. 100 ಫ್ರೇಮಿನಲ್ಲಿ ಶಟರ್ 1/100ಕ್ಕಿಂತ ನಿಧಾನವಾಗಿರಲು ಸಾಧ್ಯವೇ ಇಲ್ಲ. ಫ್ರೇಮಿನ ಎರಡರಷ್ಟು, ಅಂದರೆ 1/200, ಎಂಬುದು ಸಿನಿಮಾದವರ ವಾಡಿಕೆ. ಓಟ ಮೃದುವಾಗಿ ಹರಿದಂತೆ ಕಾಣುತ್ತದೆ. ಆದರೆ ಅದು ಹಾಡಿನ ದೃಶ್ಯಕ್ಕೆ ಸರಿ, ಕೆಸರಿನ ಓಟಕ್ಕೆ ಸಾಲದು ಎಂಬುದು ನನ್ನ ಅಭಿಪ್ರಾಯ. ಹಗಲಿನಲ್ಲಿ 1/1000ದಿಂದ ಶುರುಮಾಡು. ನೀರಿನ ವಿಷಯದಲ್ಲಂತೂ ಶಟರೇ ರುಚಿಯನ್ನು ನಿರ್ಧರಿಸುತ್ತದೆ: 1/200ರಲ್ಲಿ ಚಿಮ್ಮಿದ ನೀರು ಬಿಳಿ ಮಂಜು, 1/500ರಲ್ಲಿ ಗೆರೆಗಳು, 1/2000ದಲ್ಲಿ ಒಂದೊಂದು ಹನಿಯೂ ಬಿಡಿಬಿಡಿ. ಮೂರನ್ನೂ ತೆಗೆದು ನೋಡಿ ನಿನಗೆ ಯಾವುದು ಹಿಡಿಸುತ್ತದೋ ಅದನ್ನು ಇಟ್ಟುಕೋ.

ಶಟರ್ ಚುರುಕಾದಷ್ಟೂ ಬೆಳಕು ಬೇಕು. 1/50ರಿಂದ 1/500ಕ್ಕೆ ಹೋದರೆ ಒಳಗೆ ಬರುವ ಬೆಳಕು ಹತ್ತರಲ್ಲಿ ಒಂದು ಪಾಲು. ಒಳ್ಳೆಯ ಬಿಸಿಲಿದ್ದರೆ ಇದು ಚಿಂತೆಯೇ ಅಲ್ಲ. ಎಫ್/4, 1/1600, ಐಎಸ್‌ಒ 100ರಲ್ಲಿ ಆರಾಮವಾಗಿ ತೆಗೆಯಬಹುದು. ಸಂಜೆ ಬೆಳಕು ಇಳಿಯತೊಡಗಿದಾಗ ಗೊತ್ತಾಗುತ್ತದೆ ಕಷ್ಟ. ಐಎಸ್‌ಒ ಏರಿಸುತ್ತಾ ಹೋದಂತೆ ಕಪ್ಪು ಕೋಣದ ಮೈಯ ಮೇಲೆ ಬಣ್ಣಬಣ್ಣದ ಕಾಳು ಕುಣಿಯತೊಡಗುತ್ತದೆ. ಅದಕ್ಕೇ ಹೇಳುವುದು, ಅಗ್ಗದ ಕ್ಯಾಮೆರಾದಲ್ಲಿ ಒಳ್ಳೆಯ ಸ್ಲೋ ಮೋಷನ್ ಬೇಕಿದ್ದರೆ ಬೆಳಿಗ್ಗೆ ಹೋಗು. ದುಬಾರಿ ಲೆನ್ಸಿಗೆ ಕಾಸಿಲ್ಲದವನಿಗೆ ಎಂಟು ಗಂಟೆಯ ಬಿಸಿಲು ಪುಕ್ಕಟೆ ಸಿಗುತ್ತದೆ.

ಅದರಲ್ಲೂ ಎದುರು ಬೆಳಕು. ಸೂರ್ಯ ನಿನ್ನ ಬೆನ್ನ ಹಿಂದೆ ಇರಬೇಕು ಎಂದು ನಿನಗೆ ಯಾರೋ ಹೇಳಿಕೊಟ್ಟಿರುತ್ತಾರೆ. ಮದುವೆ ಫೋಟೊಕ್ಕೆ ಅದು ಸರಿ. ನೀರಿಗೆ ಹಾಗಲ್ಲ. ಬಿಸಿಲು ನೀರಿನ ಆ ಕಡೆಯಿಂದ, ಸ್ವಲ್ಪ ಓರೆಯಾಗಿ ಬರುತ್ತಿರಬೇಕು; ಹಿಂದೆ ತೆಂಗಿನ ತೋಟದ ನೆರಳೋ, ಗದ್ದೆಯಂಚಿನ ಮರಗಳೋ ಕಪ್ಪಾಗಿ ಇರಬೇಕು. ಆಗ ಹನಿ ಹನಿಯೂ ಹೊಳೆಯುತ್ತದೆ. ಹಿನ್ನೆಲೆ ಬೆಳ್ಳಗಿನ ಆಕಾಶವಾದರೆ ಎಂಥ ಕ್ಯಾಮೆರಾದಲ್ಲೂ ನೀರು ಕಾಣುವುದಿಲ್ಲ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬಾತ ಸಾಲಾಗಿ ಕ್ಯಾಮೆರಾಗಳನ್ನಿಟ್ಟು, ಓಡುವ ಕುದುರೆಯ ನಾಲ್ಕೂ ಕಾಲು ಒಂದು ಕ್ಷಣ ನೆಲ ಬಿಟ್ಟಿರುತ್ತವೆ ಎಂದು ತೋರಿಸಿದ. ಆತ ಕಪ್ಪಗೆ ಕಾಣುವ ಕುದುರೆಯ ಹಿಂದೆ ಬಿಳಿಯ ಹಿನ್ನೆಲೆ ಕಟ್ಟಿದ್ದ. ನಿನ್ನದು ಬಿಳಿ ನೀರು, ಹಿನ್ನೆಲೆ ಕಪ್ಪಿರಲಿ. ಆದ್ದರಿಂದ ಕಂಬಳದ ಹಿಂದಿನ ದಿನ ಹೋಗಿ ಕರೆ ಯಾವ ದಿಕ್ಕಿಗೆ ಮುಖ ಮಾಡಿದೆ ನೋಡಿ ಬಾ. ಮೂಡುಬಿದಿರೆಯ ಕರೆಯಲ್ಲಿ ಒಳ್ಳೆಯದಾದ ಜಾಗ ಮಿಯಾರಿನಲ್ಲಿ ಒಳ್ಳೆಯದಾಗಬೇಕೆಂದಿಲ್ಲ.

ಕಪ್ಪು ಕೋಣ ಕ್ಯಾಮೆರಾಗೆ ಮೋಸ ಮಾಡುತ್ತದೆ, ಇದನ್ನು ಗಟ್ಟಿಯಾಗಿ ನೆನಪಿಡು. ಎಕ್ಸ್‌ಪೋಶರನ್ನು ಆಟೊಗೆ ಬಿಟ್ಟಿದ್ದೀಯ ಎಂದುಕೋ. ಖಾಲಿ ಕರೆಯನ್ನು ನೋಡುತ್ತಿದ್ದ ಕ್ಯಾಮೆರಾದ ಮುಂದೆ ಏಕಾಏಕಿ ಎರಡು ದೊಡ್ಡ ಕಪ್ಪು ಮೈ ಬಂದು ತುಂಬಿಕೊಳ್ಳುತ್ತವೆ. ‘ಓಹೋ, ಕತ್ತಲಾಯಿತು’ ಎಂದು ಅದು ಬೆಳಕನ್ನು ಏರಿಸುತ್ತದೆ. ಕೋಣ ಬೂದಿ ಬಣ್ಣಕ್ಕೆ ತಿರುಗುತ್ತದೆ, ನೀರು ಸುಟ್ಟು ಬರೀ ಬಿಳಿ ಮೆತ್ತೆಯಾಗುತ್ತದೆ. ನಾಲ್ಕು ಪಟ್ಟು ನಿಧಾನವಾದಾಗ ಈ ಏರಿಳಿತ ಕಣ್ಣಿಗೆ ಹೊಡೆಯುತ್ತದೆ. ಮ್ಯಾನ್ಯುಯಲ್‌ಗೆ ಹಾಕು, ಹಿಂದಿನ ಜೋಡಿ ಓಡುವಾಗ ಚಿಮ್ಮಿದ ನೀರನ್ನು ನೋಡಿ ಬೆಳಕು ಹೊಂದಿಸು, ಆಮೇಲೆ ಮುಟ್ಟಬೇಡ. ಕೋಣ ತುಸು ಕಪ್ಪಾಗಿಯೇ ಇರಲಿ. ಕೋಣ ಇರುವುದೇ ಕಪ್ಪು. ಫೋನಿನಲ್ಲಿ ತೆಗೆಯುವ ನಿನ್ನ ಗೆಳೆಯರಿಗೂ ಹೇಳು: ಪರದೆಯ ಮೇಲೆ ಬೆರಳನ್ನು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಬೇಕು.

ಫೋಕಸ್ ಕೂಡ ಹಾಗೆಯೇ. ಹೆಚ್ಚು ಫ್ರೇಮಿನಲ್ಲಿ ಆಟೊಫೋಕಸ್ ಕೆಲವು ಕ್ಯಾಮೆರಾಗಳಲ್ಲಿ ಇರುವುದೇ ಇಲ್ಲ, ಇನ್ನು ಕೆಲವುಗಳಲ್ಲಿ ಹಾರುವ ಕೆಸರಿನ ಹಿಂದೆ ಓಡುತ್ತದೆ. ಕೋಣ ಬರುವ ಜಾಗದ ಕರೆಯ ಅಂಚಿಗೆ ಮೊದಲೇ ಫೋಕಸ್ ಇಟ್ಟು ಮ್ಯಾನ್ಯುಯಲ್‌ಗೆ ಬದಲಿಸಿ ಕಾಯುತ್ತಿರು. ಧ್ವನಿಯನ್ನೂ ಪರೀಕ್ಷಿಸಿಕೋ. ಕೆಲವು ಕ್ಯಾಮೆರಾ ಸ್ಲೋ ಮೋಷನ್ ಮೋಡಿನಲ್ಲಿ ಶಬ್ದವನ್ನೇ ಹಿಡಿಯುವುದಿಲ್ಲ. ಮೈಕಿನವನ ಕೂಗು, ಕೊಂಬು, ಜನರ ಗದ್ದಲ ಇವನ್ನೆಲ್ಲ ಫೋನಿನಲ್ಲಿ ಬೇರೆಯಾಗಿ ಹಿಡಿದಿಟ್ಟುಕೊಂಡರೆ ಆಮೇಲೆ ಊರೂರು ಹುಡುಕಬೇಕಾಗಿಲ್ಲ.

ಕಂಬಳದಲ್ಲಿ ಒಂದೇ ಒಂದು ವಿಭಾಗವನ್ನು ಆರಿಸು ಎಂದರೆ ನಾನು ಕನೆಹಲಗೆಯನ್ನು ಆರಿಸುತ್ತೇನೆ. ನೇಗಿಲು, ಹಗ್ಗದ ವಿಭಾಗಗಳಲ್ಲಿ ವೇಗಕ್ಕೆ ಬೆಲೆ. ಕನೆಹಲಗೆಯಲ್ಲಿ ನೀರಿನ ಎತ್ತರಕ್ಕೆ. ಕೋಣಗಳು ಎಳೆಯುವ ಹಲಗೆಯ ತೂತುಗಳಿಂದ ಚಿಮ್ಮುವ ನೀರು ಮೇಲೆ ಅಡ್ಡಕಟ್ಟಿದ ನಿಶಾನೆಯ ಬಟ್ಟೆಯನ್ನು ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಅದರ ಎತ್ತರದ ಅಳತೆ. ಹಲಗೆ ಮೆಟ್ಟಿದವನ ದೇಹ ಹಿಂದಕ್ಕೆ ಬಾಗಿ, ಒಂದು ಕಾಲಿನ ಭಾರದಲ್ಲಿ ಹಲಗೆಯನ್ನು ನೀರಿಗೆ ಒತ್ತುವ ಆ ಹದ ಬರಿಗಣ್ಣಿಗೆ ಸಿಕ್ಕುವುದಿಲ್ಲ. ಕಂಬಳದಲ್ಲಿ ಸ್ಲೋ ಮೋಷನ್ ನಿಜವಾಗಿ ಏನನ್ನಾದರೂ ತೋರಿಸಿಕೊಡುವುದಿದ್ದರೆ ಅದು ಇಲ್ಲಿ. ಮತ್ತೆ ಇದಕ್ಕೆ 240 ಫ್ರೇಮು ಬೇಡವೇ ಬೇಡ. ಐದು ಮೀಟರ್ ಎತ್ತರದಿಂದ ಬೀಳುವ ನೀರಿಗೆ ಕೆಳಗೆ ಬರಲು ಒಂದು ಸೆಕೆಂಡು ಸಾಕು. 100ರಲ್ಲಿ ಅದು ನಾಲ್ಕು ಸೆಕೆಂಡಾಗುತ್ತದೆ. ಕಣ್ಣು ತುಂಬ ನೋಡಲು ಅಷ್ಟೇ ಬೇಕು. ಹತ್ತು ಸೆಕೆಂಡು ಮಾಡಿದರೆ ನೀರಿಗೆ ಭಾರವೇ ಇಲ್ಲವೇನೋ ಅನಿಸಿಬಿಡುತ್ತದೆ.

ಕನೆಹಲಗೆಗೆ ನಿಲ್ಲುವಾಗ ಇನ್ನೊಂದು ಎಚ್ಚರ. ನಿಶಾನೆಯ ಕೆಳಗೆ ಹತ್ತಿರ ಕೂತು ಮೇಲ್ಮುಖವಾಗಿ ತೆಗೆದರೆ ನಿನ್ನ ಕಡೆಗೆ ಹಾರಿದ ನೀರು ಬಟ್ಟೆಗಿಂತ ಎತ್ತರಕ್ಕೆ ಹೋದಂತೆ ಕಾಣುತ್ತದೆ, ನಿಜಕ್ಕೂ ಅದು ತಾಗಿರುವುದೇ ಇಲ್ಲ. ದೂರ ಹೋಗಿ, ನಿಶಾನೆಯ ಸರಿಯಾದ ನೇರಕ್ಕೆ, ಸಿಗುವುದಾದರೆ ಎತ್ತರದ ಜಾಗದಲ್ಲಿ ಟ್ರೈಪಾಡ್ ಇಟ್ಟು ಜೂಮ್ ಮಾಡು. ಚಿತ್ರವೂ ಚೆನ್ನ, ಸತ್ಯಕ್ಕೂ ಹತ್ತಿರ.

ಕೋಣದ ಜೊತೆ ಕ್ಯಾಮೆರಾವನ್ನು ರೊಂಯ್ಯನೆ ತಿರುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ನಮ್ಮ ನಿಮ್ಮ ಕೈಗೆಟಕುವ ಕ್ಯಾಮೆರಾಗಳ ಸೆನ್ಸರ್ ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುವುದಿಲ್ಲ, ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ವೇಗವಾಗಿ ತಿರುಗಿಸಿದರೆ ಕಂಬಗಳೆಲ್ಲ ವಾಲುತ್ತವೆ, ಕ್ರಿಕೆಟ್ಟಿನಲ್ಲಾದರೆ ಬ್ಯಾಟು ಬಾಗಿದಂತೆ ಬರುತ್ತದೆ. 2023ರಲ್ಲಿ ಸೋನಿಯವರು ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯುವ ಎ9 ತ್ರೀ ಎಂಬ ಕ್ಯಾಮೆರಾ ಪ್ರಕಟಿಸಿದರು. ಅದರ ಬೆಲೆಯನ್ನು ಭಾವನ ಮುಂದೆ ಮಾತ್ರ ಎತ್ತಬೇಡ. ಕ್ಯಾಮೆರಾ ನಿಲ್ಲಿಸಿಟ್ಟು ಕೋಣಗಳೇ ಚಿತ್ರದೊಳಗೆ ಬಂದು ಹೋಗುವಂತೆ ತೆಗೆ, ವಾಲುವ ತೊಂದರೆಯೇ ಇಲ್ಲ.

ಇನ್ನು ರಾತ್ರಿ. ನಮ್ಮ ದೇಶದ ಕರೆಂಟು 50 ಹರ್ಟ್ಸ್; ಆದ್ದರಿಂದ ಹಲವು ಬಗೆಯ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು 240 ಫ್ರೇಮಿನಲ್ಲಿ ದಪದಪನೆ ಬಡಿಯುತ್ತದೆ. ಒಂದು ಫ್ರೇಮು ಬೆಳ್ಳಗೆ, ಮುಂದಿನದು ಮಂಕು. ಸೆಕೆಂಡಿಗೆ 100 ಫ್ರೇಮು, ಶಟರ್ 1/100 ಎಂದಿಟ್ಟರೆ ಪ್ರತಿ ಫ್ರೇಮಿಗೂ ಒಂದು ಪೂರ್ತಿ ಮಿನುಗು ಸಿಗುತ್ತದೆ, ಬಡಿತ ಅಡಗುತ್ತದೆ. ಪಾಲ್‌ಗೆ ಹಾಕು ಎಂದದ್ದು ಇದಕ್ಕೆ. ಆದರೆ 1/100ರಲ್ಲಿ ಕೋಣ ಹತ್ತು ಸೆಂಟಿಮೀಟರ್ ಮಸುಕಾಗುತ್ತದೆ. ಬಡಿತವೋ ಮಸುಕೋ, ಒಂದನ್ನು ಸಹಿಸಲೇಬೇಕು. ನಾನಾದರೆ ಮಸುಕನ್ನು ಸಹಿಸುತ್ತೇನೆ. ಒಳ್ಳೆಯ ಡ್ರೈವರ್ ಇರುವ ಎಲ್‌ಇಡಿ ದೀಪವಾದರೆ ಈ ರಗಳೆಯೇ ಇಲ್ಲ. ಜನರೇಟರಿನ ಮೇಲೆ ಉರಿಯುವ ದೀಪವಾದರೆ ಲೆಕ್ಕ ಸ್ವಲ್ಪ ಆಚೀಚೆಯಾಗಿ ನೆರಳಿನ ಪಟ್ಟಿ ಮೆಲ್ಲಗೆ ತೆವಳುತ್ತಿರುತ್ತದೆ. ದೀಪ ಹಾಕಿದ ಕೂಡಲೇ ಖಾಲಿ ಕರೆಯನ್ನು ಹತ್ತು ಸೆಕೆಂಡು ತೆಗೆದು, ಅಲ್ಲೇ ಓಡಿಸಿ ನೋಡು. ಎರಡು ಮೂರು ಕಂಬಗಳ ಬೆಳಕು ಒಂದರ ಮೇಲೊಂದು ಬೀಳುವ ಜಾಗ ಹುಡುಕಿದರೆ ಕೆಲವೊಮ್ಮೆ ಬಡಿತ ಕಮ್ಮಿಯಾಗುತ್ತದೆ. ಏನು ಮಾಡಿದರೂ ಆಗದಿದ್ದರೆ 50 ಫ್ರೇಮಿಗೆ ಇಳಿದು, ಎರಡು ಪಟ್ಟು ನಿಧಾನಕ್ಕೆ ತೃಪ್ತಿಪಡು.

ನೀರಿಗೆ ಇನ್ನೊಂದು ಕಾಟ ಇದೆ. ಹಗಲಲ್ಲಿ, ಸರಿಯಾದ ಶಟರಿನಲ್ಲಿ ತೆಗೆದ ವಿಡಿಯೊದಲ್ಲೂ ಚಿಮ್ಮಿದ ನೀರು ಚೌಕ ಚೌಕವಾಗಿ ಒಡೆದದ್ದನ್ನು ನೀನು ನೋಡಿರಬಹುದು. ಅದು ಬಿಟ್‌ರೇಟಿನ ಬಡತನ. ಸೆಕೆಂಡಿಗೆ 100 ಮೆಗಾಬಿಟ್ ಎಂದು ಇಟ್ಟಿದ್ದರೆ 25 ಫ್ರೇಮಿನಲ್ಲಿ ಒಂದೊಂದಕ್ಕೆ ನಾಲ್ಕು ಮೆಗಾಬಿಟ್ ಸಿಗುತ್ತದೆ, 100 ಫ್ರೇಮಿನಲ್ಲಿ ಒಂದೇ. ಅನ್ನ ಅಷ್ಟೇ, ಎಲೆ ನಾಲ್ಕು ಪಟ್ಟು. ಸಾಲದ್ದಕ್ಕೆ ಕ್ಯಾಮೆರಾ ಹಿಂದಿನ ಫ್ರೇಮಿಗೂ ಈ ಫ್ರೇಮಿಗೂ ಏನು ಬದಲಾಯಿತು ಎಂಬುದನ್ನಷ್ಟೇ ಬರೆದು ಜಾಗ ಉಳಿಸುತ್ತದೆ. ನಿಂತ ಮರ, ಆಕಾಶಕ್ಕೆ ಅದು ನಡೆಯುತ್ತದೆ. ಸಾವಿರ ಹನಿ ಸಾವಿರ ಕಡೆ ಹಾರುವಾಗ ಎಲ್ಲವೂ ಬದಲಾಗಿರುತ್ತದೆ. ಹಾಗಾಗಿ ಮೆನುವಿನಲ್ಲಿರುವ ಅತಿ ಹೆಚ್ಚಿನ ಬಿಟ್‌ರೇಟ್ ಆರಿಸು. ಅದಕ್ಕೆ ತಕ್ಕ ಕಾರ್ಡು ಬೇಕು: ವಿ30 ಎಂದು ಗುರುತಿದ್ದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್, ವಿ60 ಆದರೆ 60. ಚೌಕಾಸಿಯಲ್ಲಿ ಸಿಕ್ಕಿದ ಹೆಸರಿಲ್ಲದ ಕಾರ್ಡು ಓಟದ ನಡುವೆ ರೆಕಾರ್ಡಿಂಗ್ ನಿಲ್ಲಿಸಿಬಿಡುತ್ತದೆ.

ಫೋನಿನ ಜಾಹೀರಾತಿನ 960 ಫ್ರೇಮನ್ನು ಕಣ್ಣುಮುಚ್ಚಿ ನಂಬಬೇಡ. ಕೆಲವು ಫೋನು ನಿಜವಾಗಿ ಹಿಡಿದದ್ದು ಕಡಿಮೆ, ನಡುವಿನ ಚಿತ್ರಗಳನ್ನು ಊಹಿಸಿ ತುಂಬಿದ್ದು ಹೆಚ್ಚು. ಓಡುವ ಮನುಷ್ಯನಲ್ಲಿ ಈ ಊಹೆ ನಡೆದುಹೋಗುತ್ತದೆ. ನೀರಿನಲ್ಲಿ ಸಿಕ್ಕಿಬೀಳುತ್ತದೆ, ಹನಿಗಳು ಇದ್ದಕ್ಕಿದ್ದಂತೆ ಕರಗಿ ಬೇರೆ ಕಡೆ ಹುಟ್ಟುತ್ತವೆ. ಮನೆಯಂಗಳದಲ್ಲಿ ಚೊಂಬಿನ ನೀರನ್ನು ಎರಚಿ ಒಮ್ಮೆ ತೆಗೆದು ನೋಡಿದರೆ ಸಾಕು, ಗುಟ್ಟು ರಟ್ಟಾಗುತ್ತದೆ.

ಕಂಬಳ ಶುರುವಾಗುವುದು ನವೆಂಬರಿನಲ್ಲಿ. ಅಲ್ಲಿಯ ತನಕ ಶಾಲೆಯ ಮೈದಾನದಲ್ಲಿ ಕ್ರಿಕೆಟ್ ಆಡುವ ಹುಡುಗರನ್ನು ತೆಗೆ. ಗಂಟೆಗೆ 100 ಕಿಲೋಮೀಟರಿನ ಚೆಂಡು 1/50 ಸೆಕೆಂಡಿನಲ್ಲಿ ಅರ್ಧ ಮೀಟರಿಗೂ ಹೆಚ್ಚು ದೂರ ಹೋಗುತ್ತದೆ, 1/1000ದಲ್ಲಿ ಮೂರು ಸೆಂಟಿಮೀಟರಿಗಿಂತ ಕಡಿಮೆ. ಚೆಂಡಿನ ಹೊಲಿಗೆ ಕಾಣುವ ತನಕ ಶಟರ್ ಏರಿಸುತ್ತಾ ಹೋಗು. ಅಲ್ಲಿ ಪಳಗಿದ ಕೈಗೆ ಕೋಣ ದೊಡ್ಡದಾಗಿ, ನಿಧಾನವಾಗಿಯೇ ಕಾಣುತ್ತದೆ.

ಕರೆಯ ಬದಿಯ ಶಿಸ್ತಿನ ಬಗ್ಗೆ ನಿನಗೆ ಹೆಚ್ಚು ಹೇಳಬೇಕಾಗಿಲ್ಲ, ಅಲ್ಲೇ ಬೆಳೆದವನು. ಆದರೂ ಕ್ಯಾಮೆರಾ ಕಣ್ಣಿಗೆ ಬಂದಾಗ ಬುದ್ಧಿ ಹಿಂದೆ ಸರಿಯುತ್ತದೆ. ಮಂಜೊಟ್ಟಿಯ ನೇರಕ್ಕೆ ನಿಲ್ಲಬೇಡ. ಓಡಿ ಬಂದ ಕೋಣ ನಿನ್ನ ಫ್ರೇಮ್ ನೋಡಿ ನಿಲ್ಲುವುದಿಲ್ಲ. ಕೋಣದ ಕಣ್ಣಿಗೆ ದೀಪ ಹಿಡಿಯಬೇಡ, ಸಂಘಟಕರನ್ನು ಕೇಳದೆ ಡ್ರೋನ್ ಏರಿಸಬೇಡ. ಕೊಟ್ಟಿಗೆಯ ಹತ್ತಿರ ಹೋಗುವುದಿದ್ದರೆ ಯಜಮಾನರನ್ನು ಮಾತಾಡಿಸಿ ಹೋಗು.

ಕೂತು ಜೋಡಿಸುವಾಗ ಮೊದಲು ಒಂದು ಓಟವನ್ನು ಇದ್ದ ವೇಗದಲ್ಲೇ ತೋರಿಸು. ಆ ವೇಗದ ಅಂದಾಜು ಸಿಕ್ಕಿದ ಮೇಲೆಯೇ ನೋಡುವವನಿಗೆ ನಿಧಾನದ ಬೆಲೆ ತಿಳಿಯುವುದು. ಐದು ನಿಮಿಷದಲ್ಲಿ ಮೂರು ಕಡೆ ನಿಧಾನ ಮಾಡಿದರೆ ಹೆಚ್ಚಾಯಿತು. ಎಲ್ಲದಕ್ಕೂ ಅದೇ ಪಿಟೀಲಿನ ಅಳು ಹಾಕಬೇಡಪ್ಪಾ, ಕೋಣ ಗೆದ್ದಿದೆ, ಸತ್ತಿಲ್ಲ.

ಒಂದು ಮಾತು ಸ್ವಲ್ಪ ಗಂಭೀರದ್ದು. ನಿನ್ನ ವಿಡಿಯೊವನ್ನು ನಾಳೆ ಯಾರೋ ತಂದು ‘ನೋಡಿ, ತೀರ್ಪು ತಪ್ಪು’ ಎನ್ನಬಹುದು. ‘ಕೋಣಕ್ಕೆ ಎಷ್ಟು ಜೋರಾಗಿ ಹೊಡೆದ’ ಎಂದೂ ಅನ್ನಬಹುದು. 2016ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಒಂದೇ ಘಟನೆಯನ್ನು ಕೆಲವರಿಗೆ ಮಾಮೂಲು ವೇಗದಲ್ಲಿ, ಕೆಲವರಿಗೆ ನಿಧಾನವಾಗಿ ತೋರಿಸಿದರು. ನಿಧಾನವಾಗಿ ನೋಡಿದವರಿಗೆ ಅದು ಬೇಕೆಂದೇ ಮಾಡಿದ್ದು ಎಂದು ಅನಿಸುವುದು ಹೆಚ್ಚಾಗಿತ್ತು. ಅರೆಗಳಿಗೆಯಲ್ಲಿ ಆಗಿಹೋದದ್ದು ಹಿಗ್ಗಿದಾಗ, ಅಷ್ಟು ಹೊತ್ತು ಯೋಚಿಸಿ ಮಾಡಿದಂತೆ ಕಾಣುತ್ತದೆ. ಹೊಡೆತ ಬಿದ್ದದ್ದು ನಿಜವಾದರೆ ಅದನ್ನು ಮುಚ್ಚಿಡು ಎಂದು ನಾನು ಹೇಳುವುದಿಲ್ಲ. ಆದರೆ ಜಗಳಕ್ಕೆ ಕೊಡುವ ತುಣುಕಾದರೆ ಪೂರ್ತಿ ಓಟ, ಇದ್ದ ವೇಗದಲ್ಲಿ, ಕತ್ತರಿಸದೆ ಕೊಡು. ಬರೀ ನಿಧಾನದ ಐದು ಸೆಕೆಂಡು ಯಾರ ಕೈಗೂ ಸಿಗದಿರಲಿ.

ಕೊನೆಗೆ ನನ್ನದೊಂದು ಬೇಡಿಕೆ. ಹಲಗೆ ಮೆಟ್ಟಿದವರು, ಹಗ್ಗ ಹಿಡಿದು ಓಡಿಸಿದವರು ತಮ್ಮ ಓಟವನ್ನು ತಾವು ನೋಡಿರುವುದಿಲ್ಲ. ಯೂಟ್ಯೂಬಿಗೆ ಏರಿಸುವ ಮೊದಲು ಅವರಿಗೆ ಒಂದು ಪ್ರತಿ ಕೊಡು. ವಾಟ್ಸಾಪಿನಲ್ಲಿ ಮಾಮೂಲು ವಿಡಿಯೊ ಕಳಿಸಿದ ಹಾಗೆ ಕಳಿಸಬೇಡ, ಅದು ಹಿಂಡಿ ಹಿಪ್ಪೆ ಮಾಡಿ ನೀನು ಕಷ್ಟಪಟ್ಟು ಹಿಡಿದ ಹನಿಗಳನ್ನೆಲ್ಲ ಮತ್ತೆ ಚೌಕ ಮಾಡಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸು, ಇಲ್ಲವೇ ಪೆನ್‌ಡ್ರೈವಿನಲ್ಲಿ ಹಾಕಿ ಕೈಗೆ ಕೊಟ್ಟು ಬಾ.